ಯಾಯಿಕ್ ತೀರದ ಬಂಡಾಯ

ಉರಾಲ್ ಪರ್ವತಗಳಲ್ಲಿ ಹುಟ್ಟಿ, ವಿಶಾಲವಾದ ಹುಲ್ಲುಗಾವಲುಗಳ ನಡುವೆ 2,400 ಕಿಲೋಮೀಟರುಗಳಿಗೂ ಹೆಚ್ಚು ದೂರ ಹರಿದು ಕ್ಯಾಸ್ಪಿಯನ್ ಸಮುದ್ರವನ್ನು ಸೇರುವ ನದಿಯೊಂದುಂಟು. ಭೂಪಟಗಳಲ್ಲಿ ಅದನ್ನು ಉರಾಲ್ ನದಿ ಎಂದು ಗುರುತಿಸಿರುತ್ತಾರೆ. ಆದರೆ 1775ಕ್ಕೆ ಮೊದಲು ಅದರ ಹೆಸರು ಯಾಯಿಕ್ ಎಂದಿದ್ದಿತು. ಆ ವರ್ಷದ ಜನವರಿಯಲ್ಲಿ ರಷ್ಯದ ಸಾಮ್ರಾಜ್ಞಿ ಎರಡನೆಯ ಕ್ಯಾಥರಿನ್ ಹೊರಡಿಸಿದ ಆಜ್ಞೆಯೊಂದು ಆ ಹಳೆಯ ಹೆಸರನ್ನು ತೊಡೆದುಹಾಕಿತು. ಯಾಯಿತ್ಸ್ಕಿ ಗೊರೊದೊಕ್ ಎಂಬ ನದೀತೀರದ ಪಟ್ಟಣವು ಉರಾಲ್ಸ್ಕ್ ಆಯಿತು; ಯಾಯಿಕ್ ಕೊಸಾಕರು ಉರಾಲ್ ಕೊಸಾಕರೆನಿಸಿದರು. ಅರಸರು ತಮ್ಮ ಶತ್ರುಗಳನ್ನು ಶಿಕ್ಷಿಸುವುದು ಚರಿತ್ರೆಯಲ್ಲಿ ಹೊಸದಲ್ಲ. ಆದರೆ ಒಂದು ನದಿಯ ಹೆಸರೇ ಅಪರಾಧವಾಗಿ ಕಂಡದ್ದೇಕೆ? ಅಷ್ಟೊಂದು ಭಯವನ್ನು ಹುಟ್ಟಿಸಿದ ಬಂಡಾಯ ಯಾವುದು? ಅದರ ಕಥೆಯೇ ಯಮೆಲ್ಯಾನ್ ಪುಗಚೋವನ ದಂಗೆಯ ಕಥೆ. ಇಲ್ಲಿ ಕೊಟ್ಟಿರುವ ತಾರೀಖುಗಳು ಅಂದಿನ ರಷ್ಯದ ಪಂಚಾಂಗಕ್ಕೆ ಸೇರಿದವು. ಆ ಪಂಚಾಂಗವು ಇಂದು ಬಳಕೆಯಲ್ಲಿರುವ ಪಂಚಾಂಗಕ್ಕಿಂತ ಹನ್ನೊಂದು ದಿನಗಳಷ್ಟು ಹಿಂದೆ ಇದ್ದಿತು.

‘ಕೊಸಾಕ್’ ಎಂಬುದು ತುರ್ಕಿ ಭಾಷಾವರ್ಗದ ಪದ. ಸ್ವತಂತ್ರನಾಗಿ ಅಲೆಯುವವನು, ಯಾರಿಗೂ ಆಳಲ್ಲದವನು ಎಂಬುದು ಅದರ ಭಾವ. ರಷ್ಯದ ಒಳನಾಡಿನಲ್ಲಿ ಜಮೀನುದಾರರ ಕಾಟವನ್ನು ತಾಳಲಾರದೆ ಓಡಿಬಂದ ರೈತರು, ಸಾಲಗಾರರು, ಮತದ ಕಾರಣದಿಂದ ಹಿಂಸೆಗೊಳಗಾದವರು—ಇಂಥವರು ಡಾನ್, ನೀಪರ್, ವೋಲ್ಗಾ, ಯಾಯಿಕ್ ಮೊದಲಾದ ನದಿಗಳ ಬಯಲುಗಳಲ್ಲಿ ನೆಲೆಸಿದರು. ಕುದುರೆ ಸವಾರಿಯಲ್ಲಿಯೂ ಯುದ್ಧದಲ್ಲಿಯೂ ಅವರು ಪಳಗಿದವರಾದರು. ಅವರಲ್ಲಿ ಹುಟ್ಟಿನಿಂದ ಬಂದ ಒಡೆಯರಿರಲಿಲ್ಲ. ಊರಿನ ಬಯಲಿನಲ್ಲಿ ವರ್ತುಲಾಕಾರವಾಗಿ ನಿಂತು ಸಭೆ ನಡೆಸುತ್ತಿದ್ದರು. ‘ಅತಮಾನ್’ ಎಂಬ ನಾಯಕನನ್ನು ಆ ಸಭೆಯೇ ಆರಿಸುತ್ತಿತ್ತು. ಒಪ್ಪಿಗೆಯಾಗದಿದ್ದರೆ ಅವನನ್ನು ಇಳಿಸುತ್ತಲೂ ಇತ್ತು. ರಷ್ಯದ ದೊರೆಗಳು ಅವರಿಗೆ ಮದ್ದುಗುಂಡು, ಧಾನ್ಯ, ಹಣವನ್ನು ಕೊಟ್ಟು, ಅದಕ್ಕೆ ಪ್ರತಿಯಾಗಿ ಗಡಿಯ ಕಾವಲನ್ನು ಅವರಿಂದ ಪಡೆಯುತ್ತಿದ್ದರು. ಹೀಗೆ ದೊರೆಗೂ ಕೊಸಾಕರಿಗೂ ನಡುವೆ ಇದ್ದುದು ಒಂದು ಬಗೆಯ ಒಡಂಬಡಿಕೆ. ಗಡಿ ದುರ್ಬಲವಾಗಿದ್ದಾಗ ದೊರೆಗಳು ಅದನ್ನು ಗೌರವಿಸಿದರು. ರಾಜ್ಯವು ಬಲಗೊಂಡಂತೆ ಅದನ್ನು ಮರೆಯತೊಡಗಿದರು.

ಯಾಯಿಕ್ ಕೊಸಾಕರ ಬಾಳಿಗೆ ನದಿಯೇ ಆಧಾರ. ಅವರು ಬೇಸಾಯವನ್ನು ಹೆಚ್ಚಾಗಿ ಮಾಡುತ್ತಿರಲಿಲ್ಲ. ಸ್ಟರ್ಜನ್ ಎಂಬ ದೊಡ್ಡ ಮೀನುಗಳೂ ಬೆಲೆಬಾಳುವ ಅವುಗಳ ಮೊಟ್ಟೆಗಳೂ ಅವರ ಸಂಪತ್ತಾಗಿದ್ದವು. ಪಟ್ಟಣದ ಬಳಿ ನದಿಗೆ ಅಡ್ಡಲಾಗಿ ಬೇಲಿ ಕಟ್ಟಿ, ಮೀನು ಮೇಲಕ್ಕೆ ಹೋಗದಂತೆ ತಡೆಯುತ್ತಿದ್ದರು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ಎಲ್ಲರೂ ಒಂದೆಡೆ ಕೂಡಿ, ಗೊತ್ತಾದ ಸಂಜ್ಞೆ ದೊರೆತೊಡನೆ ಒಟ್ಟಿಗೆ ಮಂಜುಗಡ್ಡೆಯನ್ನು ಒಡೆದು, ಉದ್ದನೆಯ ಕೊಕ್ಕೆಗಳಿಂದ ಮೀನು ಹಿಡಿಯುವುದು ಅವರ ಪದ್ಧತಿ. ನದಿಯು ಒಬ್ಬನ ಸೊತ್ತಲ್ಲ, ಸಮುದಾಯದ ಸೊತ್ತು ಎಂಬ ನಂಬಿಕೆ ಅವರಲ್ಲಿ ಬೇರೂರಿದ್ದಿತು.

ಈ ನಂಬಿಕೆಗೆ ಹದಿನೆಂಟನೆಯ ಶತಮಾನದಲ್ಲಿ ಪೆಟ್ಟು ಬಿದ್ದಿತು. ಮೊದಲನೆಯ ಪೀಟರ್ ಚಕ್ರವರ್ತಿಯು 1721ರಲ್ಲಿ ಕೊಸಾಕರನ್ನು ಯುದ್ಧ ಇಲಾಖೆಯ ಅಧೀನಕ್ಕೆ ಒಳಪಡಿಸಿದನು. ಬಳಿಕ ಅತಮಾನನ ನೇಮಕವೂ ಸರ್ಕಾರದ ಕೈಗೆ ಹೋಯಿತು. ಸಭೆಗೆ ಉತ್ತರ ಹೇಳಬೇಕಾಗಿದ್ದ ನಾಯಕನು ಈಗ ಸರ್ಕಾರಕ್ಕೆ ಮಾತ್ರ ಉತ್ತರ ಹೇಳುವವನಾದನು. ಮೀನಿನ ಮೇಲಿನ ತೆರಿಗೆಯನ್ನು ವಸೂಲು ಮಾಡುವ ಅಧಿಕಾರ ಅತಮಾನನಿಗೂ ಅವನ ಸುತ್ತಲಿನ ಹಿರಿಯರಿಗೂ ದೊರೆಯಿತು. ಅವರು ವಸೂಲು ಮಾಡಿದ್ದಕ್ಕೆ ಸರಿಯಾದ ಲೆಕ್ಕ ತೋರಿಸಲಿಲ್ಲ. ಕೊಸಾಕರಿಗೆ ಸಲ್ಲಬೇಕಾದ ಸಂಬಳವನ್ನೂ ತಡೆಹಿಡಿದರು. ಉಪ್ಪಿಲ್ಲದೆ ಮೀನನ್ನು ಕೆಡದಂತೆ ಇಡಲಾಗದು. ಆ ಉಪ್ಪಿನ ಮೇಲೆಯೂ ಸರ್ಕಾರದ ಹತೋಟಿ ಬಂದಿತು. ಇದರೊಡನೆ, ತಮ್ಮನ್ನು ಸಾಮಾನ್ಯ ಸೈನ್ಯಕ್ಕೆ ಸೇರಿಸಿ ಗಡ್ಡ ಬೋಳಿಸುವರೆಂಬ ಭೀತಿಯೂ ಹಬ್ಬಿತು. ಯಾಯಿಕ್ ಕೊಸಾಕರಲ್ಲಿ ಬಹುಮಂದಿ ಹಳೆಯ ಕ್ರೈಸ್ತ ಆಚಾರಗಳನ್ನು ಪಾಲಿಸುತ್ತಿದ್ದವರು. ಅವರಿಗೆ ಗಡ್ಡವು ಅಲಂಕಾರವಲ್ಲ, ಧರ್ಮದ ಗುರುತು.

ಕೊಸಾಕರು ಮೊದಲು ಹಿಡಿದುದು ಕತ್ತಿಯನ್ನಲ್ಲ, ಲೇಖನಿಯನ್ನು. ರಾಜಧಾನಿಗೆ ಮೇಲಿಂದ ಮೇಲೆ ಮನವಿಗಳನ್ನು ಕಳುಹಿಸಿದರು. ವಿಚಾರಣಾ ಮಂಡಲಿಗಳು ಬಂದವು, ಹೋದವು. ದೂರು ಒಯ್ದವರೇ ಹಲವು ಬಾರಿ ಶಿಕ್ಷೆಗೆ ಗುರಿಯಾದರು. 1771ರಲ್ಲಿ ಕಲ್ಮಿಕ್ ಎಂಬ ಅಲೆಮಾರಿ ಜನರು ರಷ್ಯದ ಆಡಳಿತದಿಂದ ಬೇಸತ್ತು ಪೂರ್ವಕ್ಕೆ ಹೊರಟುಹೋದಾಗ, ಅವರನ್ನು ಬೆನ್ನಟ್ಟುವಂತೆ ಕೊಸಾಕರಿಗೆ ಆಜ್ಞೆಯಾಯಿತು. ಅನೇಕರು ಒಪ್ಪಲಿಲ್ಲ. ವಿಚಾರಣೆಗೆಂದು ಸೇನಾಧಿಪತಿ ಟ್ರೌಬೆನ್‌ಬರ್ಗ್ ಬಂದನು. 1772ರ ಜನವರಿ 13ರಂದು ಜನರು ದೇವರ ಪಟಗಳನ್ನು ಹಿಡಿದು, ತಮ್ಮ ಅಹವಾಲನ್ನು ಕೇಳಬೇಕೆಂದು ಅವನ ಬಿಡಾರದತ್ತ ನಡೆದರು. ಅವನು ಕೊಟ್ಟ ಉತ್ತರ ಫಿರಂಗಿಯ ಗುಂಡು. ಕೆರಳಿದ ಗುಂಪು ಅವನನ್ನೂ ಅತಮಾನ್ ತಾಂಬೋವ್ತ್ಸೆವನನ್ನೂ ಕೊಂದಿತು. ಜೂನ್ ತಿಂಗಳಲ್ಲಿ ಸರ್ಕಾರದ ಸೈನ್ಯ ಬಂದು ಪಟ್ಟಣವನ್ನು ವಶಪಡಿಸಿಕೊಂಡಿತು. ಕೊಸಾಕರ ಸಭೆ ರದ್ದಾಯಿತು. ಹಲವರಿಗೆ ಚಾವಟಿಯ ಏಟು, ಹಲವರಿಗೆ ಸೈಬೀರಿಯ. ಉಳಿದವರ ಮೇಲೆ ಭಾರಿ ದಂಡ. ಊರು ಶಾಂತವಾದಂತೆ ಕಂಡಿತು. ಆದರೆ ಅದು ಬೂದಿ ಮುಚ್ಚಿದ ಕೆಂಡದ ಶಾಂತಿ.

ಇದು ಯಾಯಿಕ್ ತೀರದ ಕಥೆಯಾಯಿತು. ರಷ್ಯದ ಒಳನಾಡಿನ ಸ್ಥಿತಿ ಇದಕ್ಕಿಂತ ಘೋರವಾಗಿದ್ದಿತು. 1649ರ ಕಾನೂನು ರೈತನನ್ನು ಜಮೀನುದಾರನ ನೆಲಕ್ಕೆ ಕಟ್ಟಿಹಾಕಿತ್ತು. ಓಡಿಹೋದ ರೈತನನ್ನು ಎಷ್ಟು ವರ್ಷಗಳ ಬಳಿಕವಾದರೂ ಹಿಡಿದುತರುವ ಹಕ್ಕು ಒಡೆಯನಿಗಿದ್ದಿತು. ಜೀತದ ರೈತನು ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ಕೆಲವೆಡೆ ಅದಕ್ಕೂ ಹೆಚ್ಚು, ಒಡೆಯನ ಹೊಲದಲ್ಲಿ ದುಡಿಯಬೇಕಾಗಿತ್ತು. ಅವನನ್ನು ಮಾರಬಹುದಾಗಿತ್ತು, 1760ರಿಂದ ಸೈಬೀರಿಯಕ್ಕೆ ಗಡೀಪಾರು ಮಾಡುವ ಅಧಿಕಾರವೂ ಒಡೆಯನಿಗೆ ಬಂದಿತು. 1762ರಲ್ಲಿ ಮೂರನೆಯ ಪೀಟರ್ ಚಕ್ರವರ್ತಿಯು ಶ್ರೀಮಂತರನ್ನು ಕಡ್ಡಾಯವಾದ ರಾಜಸೇವೆಯಿಂದ ಬಿಡುಗಡೆ ಮಾಡಿದನು. “ಒಡೆಯರು ದೊರೆಯ ಸೇವೆ ಮಾಡುವರೆಂದಲ್ಲವೆ ನಾವು ಒಡೆಯರ ಸೇವೆ ಮಾಡುತ್ತಿದ್ದುದು? ಅವರಿಗೆ ಬಿಡುಗಡೆಯಾದ ಮೇಲೆ ನಮಗೂ ಆಗಬೇಕಲ್ಲವೆ?” ಎಂಬುದು ರೈತರ ತರ್ಕ. ಆ ಬಿಡುಗಡೆ ಬರಲೇ ಇಲ್ಲ.

ಮಾಸ್ಕೋ ಪ್ರಾಂತದ ದಾರ್ಯಾ ಸಾಲ್ತಿಕೋವಾ ಎಂಬ ಜಮೀನುದಾರಿಣಿಯ ಪ್ರಕರಣವು ಆ ಕಾಲದ ನ್ಯಾಯದ ಸ್ವರೂಪವನ್ನು ತೋರಿಸುತ್ತದೆ. ಅವಳು ತನ್ನ ಜೀತದಾಳುಗಳನ್ನು ಹೊಡೆದು ಕೊಲ್ಲುತ್ತಿದ್ದಳು. ಕೆಳಗಿನ ಅಧಿಕಾರಿಗಳು ಲಂಚಕ್ಕೆ ಒಳಗಾಗಿ ದೂರುಗಳನ್ನು ಮುಚ್ಚಿಹಾಕುತ್ತಿದ್ದರು. 1762ರಲ್ಲಿ ಇಬ್ಬರು ಜೀತದಾಳುಗಳು ಪ್ರಾಣದ ಹಂಗು ತೊರೆದು ಸಾಮ್ರಾಜ್ಞಿಗೇ ಮನವಿ ಮುಟ್ಟಿಸಿದರು. ವಿಚಾರಣೆ ನಡೆದು, 38 ಮಂದಿಯನ್ನು ಕೊಂದಳೆಂದು ಸಿದ್ಧವಾಗಿ, 1768ರಲ್ಲಿ ಅವಳಿಗೆ ಆಜೀವ ಸೆರೆವಾಸ ವಿಧಿಸಲಾಯಿತು. ಆದರೆ ಆ ವಿಚಾರಣೆ ಮುಗಿಯುವ ಮೊದಲೇ, 1767ರಲ್ಲಿ, ಜೀತದಾಳುಗಳು ತಮ್ಮ ಒಡೆಯರ ಮೇಲೆ ಸಾಮ್ರಾಜ್ಞಿಗೆ ದೂರು ಕೊಡಕೂಡದೆಂಬ ಆಜ್ಞೆ ಹೊರಟಿತು. ಒಮ್ಮೆ ನ್ಯಾಯ ದೊರಕಿಸಿದ ಬಾಗಿಲನ್ನು ಸರ್ಕಾರವೇ ಮುಚ್ಚಿತು.

ಉರಾಲ್ ಸೀಮೆಯ ಕಬ್ಬಿಣದ ಕಾರ್ಖಾನೆಗಳಲ್ಲಿ ಸಾವಿರಾರು ರೈತರನ್ನು ಬಲವಂತದಿಂದ ದುಡಿಸಲಾಗುತ್ತಿತ್ತು. ಅದೇ ಸೀಮೆಯ ಮೂಲನಿವಾಸಿಗಳಾದ ಬಾಷ್ಕೀರರ ಹುಲ್ಲುಗಾವಲುಗಳನ್ನೂ ಕಾಡುಗಳನ್ನೂ ಕಾರ್ಖಾನೆಗಳು ನುಂಗುತ್ತಿದ್ದವು. 1768ರಿಂದ ತುರ್ಕಿಯೊಡನೆ ಯುದ್ಧ ನಡೆಯುತ್ತಿದ್ದು, ಹಳ್ಳಿಗಳಿಂದ ಯುವಕರನ್ನು ಸೈನ್ಯಕ್ಕೆ ಸೆಳೆಯಲಾಗುತ್ತಿತ್ತು. ತೆರಿಗೆಯ ಭಾರವೂ ಏರಿತ್ತು. ಒಣಗಿದ ಹುಲ್ಲು ಎಲ್ಲೆಡೆ ಹರಡಿತ್ತು. ಕಿಡಿಯೊಂದು ಬೇಕಾಗಿತ್ತು.

ಆ ಕಿಡಿ ಒಂದು ವದಂತಿಯ ರೂಪದಲ್ಲಿ ಬಂದಿತು. ಕ್ಯಾಥರಿನಳು ಸಿಂಹಾಸನವೇರಿದುದು ತನ್ನ ಪತಿಯಾದ ಮೂರನೆಯ ಪೀಟರನನ್ನು ಪದಚ್ಯುತಗೊಳಿಸಿ. 1762ರ ಜುಲೈಯಲ್ಲಿ, ಪದಚ್ಯುತನಾದ ಕೆಲವೇ ದಿನಗಳಲ್ಲಿ, ಅವನು ಕಾವಲಿನಲ್ಲಿದ್ದಾಗಲೇ ಸತ್ತನು. ಅವನು ರೋಗದಿಂದ ಸತ್ತನೆಂದು ಅರಮನೆ ಸಾರಿತು, ಜನ ನಂಬಲಿಲ್ಲ. ರೈತರಿಗೆ ಬಿಡುಗಡೆ ಕೊಡಲು ಹೊರಟದ್ದಕ್ಕಾಗಿಯೇ ಶ್ರೀಮಂತರು ಅವನನ್ನು ಓಡಿಸಿದರು, ಅವನು ತಪ್ಪಿಸಿಕೊಂಡು ಎಲ್ಲಿಯೋ ಬದುಕಿದ್ದಾನೆ, ಒಂದು ದಿನ ಬಂದೇ ಬರುವನು ಎಂಬ ಮಾತು ಹಳ್ಳಿಯಿಂದ ಹಳ್ಳಿಗೆ ಹರಡಿತು. ‘ನಾನೇ ಪೀಟರ್’ ಎಂದುಕೊಂಡು ಹಲವರು ಕಾಣಿಸಿಕೊಂಡು ಶಿಕ್ಷೆಗೆ ಗುರಿಯಾದರು. ಅಂಥವರ ಸಾಲಿನಲ್ಲಿ ಬಂದು ಇಡೀ ಸಾಮ್ರಾಜ್ಯವನ್ನು ನಡುಗಿಸಿದವನು ಪುಗಚೋವ್.

ಯಮೆಲ್ಯಾನ್ ಇವಾನೊವಿಚ್ ಪುಗಚೋವ್ ಡಾನ್ ನದೀತೀರದ ಜಿಮೊವೇಯ್‌ಸ್ಕಾಯ ಎಂಬ ಗ್ರಾಮದಲ್ಲಿ ಸುಮಾರು 1742ರಲ್ಲಿ ಜನಿಸಿದನು. ಓದುಬರಹ ಬಾರದ ಸಾಮಾನ್ಯ ಕೊಸಾಕನವನು. ಸಪ್ತವಾರ್ಷಿಕ ಯುದ್ಧದಲ್ಲಿ ಹೋರಾಡಿದ್ದನು. 1770ರಲ್ಲಿ ತುರ್ಕರ ಬೆಂಡರ್ ಕೋಟೆಯ ಮುತ್ತಿಗೆಯಲ್ಲಿಯೂ ಇದ್ದನು. ಕಾಯಿಲೆ ಬಿದ್ದು ಬಿಡುಗಡೆ ಕೇಳಿದನು, ದೊರೆಯಲಿಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋಗಿ, ಅಲೆದು, ಹಲವು ಬಾರಿ ಸಿಕ್ಕಿಬಿದ್ದು, ಹಲವು ಬಾರಿ ತಪ್ಪಿಸಿಕೊಂಡನು. 1773ರ ಮೇ ತಿಂಗಳಲ್ಲಿ ಕಜಾನ್ ನಗರದ ಸೆರೆಮನೆಯಿಂದ ಪಾರಾಗಿ ಯಾಯಿಕ್ ಸೀಮೆಗೆ ಬಂದು, ತಾನೇ ಮೂರನೆಯ ಪೀಟರ್ ಚಕ್ರವರ್ತಿಯೆಂದು ಹೇಳಿಕೊಂಡನು. ಕೊಸಾಕರು ಗುರುತು ಕೇಳಿದಾಗ ಎದೆಯ ಮೇಲಿನ ಹಳೆಯ ಕಲೆಗಳನ್ನು ರಾಜಚಿಹ್ನೆಗಳೆಂದು ತೋರಿಸಿದನು. ಕೆಲವರು ನಂಬಿದರು. ನಂಬದವರೂ ಇದ್ದರು. ಅವರ ಮುಖಂಡರಲ್ಲಿ ಕೆಲವರಿಗೆ ಅವನು ಡಾನ್ ಸೀಮೆಯ ಕೊಸಾಕನೆಂಬ ನಿಜ ತಿಳಿದಿತ್ತು. ಆದರೂ ಅವರು ಅವನ ಹಿಂದೆ ನಿಂತರು. ಕಳೆದುಹೋದ ಸ್ವಾತಂತ್ರ್ಯವನ್ನು ಮರಳಿ ಪಡೆಯಲು ಅವರಿಗೆ ದೊರೆಯ ಹೆಸರೊಂದು ಬೇಕಾಗಿತ್ತು. ಆ ಹೆಸರನ್ನು ಹೊರುವ ಧೈರ್ಯ ಅವನಲ್ಲಿತ್ತು.

1773ರ ಸೆಪ್ಟೆಂಬರ್ 17ರಂದು, ಯಾಯಿತ್ಸ್ಕಿ ಗೊರೊದೊಕ್‌ಗೆ ದೂರವಲ್ಲದ ಹೊಲಮನೆಯೊಂದರಲ್ಲಿ ಸುಮಾರು 80 ಮಂದಿ ಸೇರಿದ್ದರು. ಇವಾನ್ ಪೊಚಿತಾಲಿನ್ ಎಂಬ ತರುಣ ಕೊಸಾಕನು ‘ಚಕ್ರವರ್ತಿ’ಯ ಮೊದಲ ಘೋಷಣೆಯನ್ನು ಬರೆದು ಓದಿದನು. ನದಿಯನ್ನು ಉಗಮದಿಂದ ಸಮುದ್ರದವರೆಗೆ, ಭೂಮಿಯನ್ನು, ಹುಲ್ಲನ್ನು, ಸಂಬಳವನ್ನು, ಸೀಸ, ಮದ್ದು, ಧಾನ್ಯಗಳನ್ನು ಕೊಸಾಕರಿಗೆ ಕೊಟ್ಟಿರುವುದಾಗಿ ಅದರಲ್ಲಿ ಸಾರಲಾಗಿತ್ತು. ಓದು ಬಾರದ ಪುಗಚೋವನು ಕಾಗದವನ್ನು ಗಂಭೀರವಾಗಿ ನೋಡಿದನು. ಮರುದಿನವೇ ದಂಡು ಹೊರಟಿತು. ದಾರಿಯ ಸಣ್ಣ ಕೋಟೆಗಳು ಒಂದೊಂದಾಗಿ ಬಿದ್ದವು. ಅಲ್ಲಿನ ಸೈನಿಕರೇ ಬಂಡಾಯಗಾರರನ್ನು ಸೇರಿಕೊಂಡರು. ಅಕ್ಟೋಬರ್ 5ರಂದು ಓರೆನ್‌ಬರ್ಗ್ ನಗರವನ್ನು ಮುತ್ತುವ ವೇಳೆಗೆ 80 ಮಂದಿಯ ಗುಂಪು ಎರಡೂವರೆ ಸಾವಿರದಷ್ಟಾಗಿತ್ತು. ಚಳಿಗಾಲದಲ್ಲಿ ಇಪ್ಪತ್ತು ಸಾವಿರವನ್ನೂ ಮೀರಿತು.

ಓರೆನ್‌ಬರ್ಗಿನ ಬಳಿಯ ಬೆರ್ದಾ ಎಂಬ ಹಳ್ಳಿಯು ಬಂಡಾಯದ ರಾಜಧಾನಿಯಾಯಿತು. ಅಲ್ಲಿ ಪುಗಚೋವನು ತನ್ನದೇ ‘ಯುದ್ಧ ಇಲಾಖೆ’ಯನ್ನು ಸ್ಥಾಪಿಸಿ, ಲೆಕ್ಕಪತ್ರ, ಧಾನ್ಯ, ಫಿರಂಗಿಗಳ ವ್ಯವಸ್ಥೆಯನ್ನು ಮಾಡಿದನು. ಚೀಕಾ ಜಾರೂಬಿನ್ ಎಂಬ ಕೊಸಾಕನು ಉಫಾ ನಗರವನ್ನು ಮುತ್ತಿದನು. ಸೈಬೀರಿಯದ ಶಿಕ್ಷೆಯನ್ನು ಕಂಡುಬಂದಿದ್ದ ಖ್ಲೊಪೂಷ ಎಂಬವನು ಕಾರ್ಖಾನೆಯ ಕೆಲಸಗಾರರನ್ನು ಕೂಡಿಸಿದನು. ಇಪ್ಪತ್ತರ ಹರೆಯದ ಸಲವಾತ್ ಯುಲಾಯೆವ್ ಎಂಬ ಬಾಷ್ಕೀರ್ ಕವಿ ತನ್ನ ಜನರೊಡನೆ ಬಂದು ಸೇರಿದನು. ಕೊಸಾಕರು, ರೈತರು, ಕೂಲಿಗಳು, ಬಾಷ್ಕೀರರು, ತಾತಾರರು—ಭಾಷೆ ಮತಗಳು ಬೇರೆಯಾದವರೂ ಒಂದೇ ದಂಡಿನಲ್ಲಿ ಕಲೆತರು. ವಿಚಿತ್ರವೆಂದರೆ, ಇದೇ ಚಳಿಗಾಲದಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ದಿದರೊ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕ್ಯಾಥರಿನಳ ಅತಿಥಿಯಾಗಿದ್ದು, ಒಳ್ಳೆಯ ಕಾನೂನು, ಜನತೆಯ ಹಿತ ಇವುಗಳ ವಿಷಯದಲ್ಲಿ ಅವಳೊಡನೆ ಸಂಭಾಷಿಸುತ್ತಿದ್ದನು. ಅರಮನೆಯಲ್ಲಿ ಸ್ವಾತಂತ್ರ್ಯವು ಚರ್ಚೆಯ ವಸ್ತುವಾಗಿದ್ದಿತು. ಓರೆನ್‌ಬರ್ಗಿನ ಹಿಮದ ಬಯಲಿನಲ್ಲಿ ಅದು ಸಾವುಬದುಕಿನ ಪ್ರಶ್ನೆಯಾಗಿದ್ದಿತು.

ಆರು ತಿಂಗಳು ಸಮೀಪಿಸಿದರೂ ಓರೆನ್‌ಬರ್ಗ್ ಮಣಿಯಲಿಲ್ಲ. ಅದನ್ನೇ ಕಾಯುತ್ತ ಕುಳಿತುದು ಪುಗಚೋವನು ಮಾಡಿದ ದೊಡ್ಡ ತಪ್ಪು. ಸರ್ಕಾರಕ್ಕೆ ಸೈನ್ಯ ಕೂಡಿಸಲು ಕಾಲ ದೊರೆಯಿತು. 1774ರ ಮಾರ್ಚ್ 22ರಂದು ತಾತಿಶ್ಚೆವ್ ಕೋಟೆಯ ಬಳಿ ಅವನ ದಂಡು ಸೋತು ಚದರಿಹೋಯಿತು. ಆದರೆ ಅವನು ಉರಾಲ್ ಪರ್ವತಗಳನ್ನು ಹೊಕ್ಕು, ಕಾರ್ಖಾನೆಗಳ ಫಿರಂಗಿಗಳನ್ನೂ ಹೊಸ ಜನರನ್ನೂ ಪಡೆದು, ಜುಲೈ 12ರಂದು ಕಜಾನ್ ನಗರದ ಮೇಲೆ ಬಿದ್ದನು. ನಗರ ಉರಿದುಹೋಯಿತು, ಒಳಕೋಟೆ ಮಾತ್ರ ಉಳಿಯಿತು. ಮೂರು ದಿನಗಳಲ್ಲಿ ಮಿಖೆಲ್ಸನ್ ಎಂಬ ಸೇನಾನಿಯು ಬಂದು ಅವನನ್ನು ಸೋಲಿಸಿದನು.

ಸೋತವನು ವೋಲ್ಗಾ ನದಿಯನ್ನು ದಾಟಿ ಪಶ್ಚಿಮಕ್ಕೆ ಬಂದನು. ಅದು ಜೀತದ ರೈತರ ಸೀಮೆ. ಜುಲೈ 31ರ ಘೋಷಣೆಯಲ್ಲಿ ಅವನು ಜೀತವನ್ನು ತೆಗೆದುಹಾಕಿದನು. ಹೊಲ, ಕಾಡು, ಹುಲ್ಲುಗಾವಲು, ಮೀನಿನ ಹೊಳೆ, ಉಪ್ಪಿನ ಸರೋವರಗಳೆಲ್ಲ ಜನರವು, ತಲೆಗಂದಾಯವಿಲ್ಲ, ಸೈನ್ಯಕ್ಕೆ ಬಲವಂತದ ಸೆಳೆತವಿಲ್ಲ ಎಂದು ಸಾರಿದನು. ಅದೇ ಘೋಷಣೆ ಜಮೀನುದಾರರನ್ನು ಹಿಡಿದು ಗಲ್ಲಿಗೇರಿಸುವಂತೆಯೂ ಕರೆಕೊಟ್ಟಿತು. ಹಳ್ಳಿಗಳು ಎದ್ದವು. ಶತಮಾನದ ನೋವು ಒಂದು ತಿಂಗಳಲ್ಲಿ ಸಿಡಿಯಿತು. ಒಡೆಯರ ಮನೆಗಳು ಸುಟ್ಟವು. ಅವರೊಡನೆ ಅವರ ಹೆಂಗಸರೂ ಮಕ್ಕಳೂ ಎಷ್ಟೋ ಮಂದಿ ಹತರಾದರು. ಅನ್ಯಾಯವನ್ನು ಉಂಡವರು ಅನ್ಯಾಯವನ್ನೇ ಬಡಿಸಿದ ಈ ದೃಶ್ಯವನ್ನು ಚರಿತ್ರೆ ಮರೆಮಾಚಬಾರದು. ಅದಕ್ಕೆ ಕಾರಣವಾದುದನ್ನೂ ಮರೆಯಬಾರದು.

ಅಷ್ಟರಲ್ಲಿ ತುರ್ಕಿಯೊಡನೆ ಶಾಂತಿ ಒಪ್ಪಂದವಾಗಿ, ರಷ್ಯದ ದೊಡ್ಡ ಸೈನ್ಯಕ್ಕೆ ಬಿಡುವು ದೊರೆಯಿತು. ದಂಗೆಯನ್ನು ಅಡಗಿಸುವ ಹೊಣೆ ಪ್ಯೋತ್ರ್ ಪಾನಿನ್ ಎಂಬ ಸೇನಾಧಿಪತಿಗೆ ಬಂದಿತು. ಬೆಂಡರ್ ಕೋಟೆಯನ್ನು ಗೆದ್ದವನು ಈತನೇ. ಅಂದು ಇವನ ಕೈಕೆಳಗೆ ಹೋರಾಡಿದ ಕೊಸಾಕನೇ ಇಂದು ಎದುರಾಳಿ. ಪುಗಚೋವನು ಸರಾತೊವ್ ನಗರವನ್ನು ಹಿಡಿದನು. ತ್ಸಾರಿತ್ಸಿನ್ ನಗರವನ್ನು ಹಿಡಿಯಲಾರದಾದನು. ಅಲ್ಲಿ ಡಾನ್ ಸೀಮೆಯ ಕೊಸಾಕರು ಅವನ ಗುರುತು ಹಿಡಿದರು. ಆಗಸ್ಟ್ 25ರ ಯುದ್ಧದಲ್ಲಿ ಅವನ ದಂಡು ನಾಶವಾಯಿತು. ಸೆಪ್ಟೆಂಬರ್ ತಿಂಗಳಲ್ಲಿ, ಅವನನ್ನು ದೊರೆಯೆಂದು ಎತ್ತಿಹಿಡಿದಿದ್ದ ಯಾಯಿಕ್ ಕೊಸಾಕರಲ್ಲಿಯೇ ಕೆಲವರು ತಮ್ಮ ತಲೆಯುಳಿಸಿಕೊಳ್ಳಲು ಅವನನ್ನು ಕಟ್ಟಿ ಸರ್ಕಾರಕ್ಕೆ ಒಪ್ಪಿಸಿದರು. ಅವನನ್ನು ಪಂಜರದಲ್ಲಿ ಸಾಗಿಸಲಾಯಿತು. 1775ರ ಜನವರಿ 10ರಂದು ಮಾಸ್ಕೋದ ಬೊಲೊತ್ನಾಯ ಚೌಕದಲ್ಲಿ ಅವನ ಶಿರಚ್ಛೇದವಾಯಿತು. ಸಲವಾತನನ್ನು ಚಾವಟಿಯಿಂದ ಹೊಡೆದು, ಮುದ್ರೆಯೊತ್ತಿ, ಬಾಲ್ಟಿಕ್ ತೀರದ ಸೆರೆಗೆ ಕಳುಹಿಸಿದರು. ಅಲ್ಲಿಯೇ 1800ರಲ್ಲಿ ಅವನು ತೀರಿಕೊಂಡನು. ಎದ್ದ ಹಳ್ಳಿಗಳಲ್ಲಿ ಗಲ್ಲುಗಂಬಗಳು ನಿಂತವು.

ದಂಗೆ ಸೋತುದೇಕೆ? ರೈತರಿಗೆ ಕುಡುಗೋಲು, ದೊಣ್ಣೆಗಳಿದ್ದವು. ಸೈನ್ಯಕ್ಕೆ ಶಿಸ್ತೂ ಬಂದೂಕೂ ಇದ್ದವು. ತಮ್ಮ ಹಳ್ಳಿಯ ಒಡೆಯನು ಹೋದೊಡನೆ ರೈತರು ಹೊಲಕ್ಕೆ ಮರಳುತ್ತಿದ್ದರು. ಬಾಷ್ಕೀರರು ಕಾರ್ಖಾನೆಗಳನ್ನು ಸುಡಬಯಸಿದರು. ಅವುಗಳಲ್ಲಿ ದುಡಿಯುವವರಿಗೆ ಅದೇ ಅನ್ನದ ದಾರಿ. ಒಂದೇ ನೋವು ಅವರನ್ನು ಕೂಡಿಸಿತ್ತು, ಒಂದೇ ಗುರಿ ಇರಲಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಅವರು ದೊರೆತನದ ವಿರುದ್ಧ ದೊರೆಯ ಹೆಸರಿನಲ್ಲಿಯೇ ಎದ್ದರು. ತಮ್ಮ ಕಷ್ಟಕ್ಕೆ ಕೆಟ್ಟ ಒಡೆಯರು ಕಾರಣ, ಒಳ್ಳೆಯ ದೊರೆ ಬಂದರೆ ಎಲ್ಲವೂ ಸರಿಯಾಗುವುದೆಂದು ನಂಬಿದರು. ಆಳುವವನನ್ನು ಬದಲಿಸಿದರೆ ಸಾಲದು, ಆಳುವ ರೀತಿಯೇ ಬದಲಾಗಬೇಕೆಂಬ ಅರಿವು ಬರಲು ಕಾಲ ಇನ್ನೂ ಪಕ್ವವಾಗಿರಲಿಲ್ಲ.

ಕ್ಯಾಥರಿನಳು ದಂಗೆಯಿಂದ ಒಂದು ಪಾಠ ಕಲಿತಳು; ಅದು ಆಡಳಿತದ ಪಾಠವೇ ಹೊರತು ನ್ಯಾಯದ ಪಾಠವಲ್ಲ. 1775ರಲ್ಲಿ ಪ್ರಾಂತಗಳನ್ನು ಮರುವಿಂಗಡಿಸಿ ಅಧಿಕಾರಿಗಳ ಬಲವನ್ನು ಹೆಚ್ಚಿಸಿದಳು. ಅದೇ ವರ್ಷ ನೀಪರ್ ತೀರದ ಜಾಪೊರೋಜಿಯ ಕೊಸಾಕರ ನೆಲೆಯೂ ನೆಲಸಮವಾಯಿತು. 1785ರ ಸನದಿನಿಂದ ಶ್ರೀಮಂತರ ಹಕ್ಕುಗಳು ಇನ್ನಷ್ಟು ಭದ್ರವಾದವು. ಜೀತದ ಸ್ಥಿತಿಯನ್ನು ಖಂಡಿಸಿ 1790ರಲ್ಲಿ ಪುಸ್ತಕ ಬರೆದ ರದಿಶ್ಚೆವನು ಸೈಬೀರಿಯಕ್ಕೆ ಹೋಗಬೇಕಾಯಿತು. ಆದರೂ ದಂಗೆಯ ನೆನಪು ಸಾಯಲಿಲ್ಲ. 1856ರಲ್ಲಿ ಎರಡನೆಯ ಅಲೆಕ್ಸಾಂಡರ್ ಚಕ್ರವರ್ತಿಯು ಮಾಸ್ಕೋದ ಶ್ರೀಮಂತರನ್ನು ಕುರಿತು, ಜೀತವು ಕೆಳಗಿನಿಂದ ತಾನಾಗಿ ಅಳಿಯುವವರೆಗೆ ಕಾಯುವುದಕ್ಕಿಂತ ಮೇಲಿನಿಂದ ಅದನ್ನು ಅಳಿಸುವುದು ಲೇಸೆಂದು ಹೇಳಿದನು. 1861ರಲ್ಲಿ ಜೀತ ರದ್ದಾಯಿತು.

ಸರ್ಕಾರವು ಮರೆಸಲು ಹೊರಟುದನ್ನು ಕವಿಯೊಬ್ಬನು ಉಳಿಸಿದನು. ಮಹಾಕವಿ ಪುಷ್ಕಿನ್ 1833ರಲ್ಲಿ ಕಜಾನ್, ಓರೆನ್‌ಬರ್ಗ್, ಉರಾಲ್ಸ್ಕ್‌ಗಳಿಗೆ ಪ್ರಯಾಣ ಮಾಡಿ, ದಂಗೆಯನ್ನು ಕಣ್ಣಾರೆ ಕಂಡಿದ್ದ ಮುದುಕರ ಬಾಯಿಂದ ಅದರ ವಿವರಗಳನ್ನು ಕೇಳಿ ಬರೆದುಕೊಂಡನು. ದಂಗೆಯ ಚರಿತ್ರೆಯನ್ನೂ ‘ಕ್ಯಾಪ್ಟನನ ಮಗಳು’ ಎಂಬ ಕಾದಂಬರಿಯನ್ನೂ ರಚಿಸಿದನು. ಇನ್ನು ಆ ನದಿ: ಅದರ ಕೆಳದಂಡೆಯ ನಾಡು ಇಂದು ಕಜಾಕ್‌ಸ್ತಾನಕ್ಕೆ ಸೇರಿದೆ. ಅಲ್ಲಿನ ಜನರು ತಮ್ಮ ನುಡಿಯಲ್ಲಿ ಅದನ್ನು ಇಂದಿಗೂ ‘ಜಾಯಿಕ್’ ಎಂದೇ ಕರೆಯುತ್ತಾರೆ. ಆಜ್ಞೆಯಿಂದ ಭೂಪಟವನ್ನು ತಿದ್ದಬಹುದು. ಜನರ ನಾಲಗೆಯನ್ನು ತಿದ್ದುವುದು ಸುಲಭವಲ್ಲ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ‘ಕೊಸಾಕ್’ ಎಂಬ ಪದದ ಭಾವವೇನು?
2. 1767ರ ಆಜ್ಞೆಯು ಜೀತದಾಳುಗಳಿಗೆ ಏನನ್ನು ನಿಷೇಧಿಸಿತು?
3. ಪುಗಚೋವನು ತಾನು ಯಾರೆಂದು ಹೇಳಿಕೊಂಡನು?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಯಾಯಿಕ್ ಕೊಸಾಕರ ಅಸಮಾಧಾನಕ್ಕೆ ಕಾರಣಗಳೇನು?
2. ನಿಜವನ್ನು ತಿಳಿದಿದ್ದರೂ ಕೊಸಾಕ್ ಮುಖಂಡರು ಪುಗಚೋವನ ಹಿಂದೆ ನಿಂತುದೇಕೆ?
3. “ಒಂದೇ ನೋವು ಅವರನ್ನು ಕೂಡಿಸಿತ್ತು, ಒಂದೇ ಗುರಿ ಇರಲಿಲ್ಲ.” ಈ ಮಾತನ್ನು ವಿವರಿಸಿರಿ.

ಇ. ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಬೂದಿ ಮುಚ್ಚಿದ ಕೆಂಡ, ಪ್ರಾಣದ ಹಂಗು ತೊರೆ, ಗುರುತು ಹಿಡಿ, ಎತ್ತಿಹಿಡಿ.